ಗೆಡ್ಡೆಗೆ ಇನ್ನಷ್ಟು ವಾರದ ನಿದ್ದೆ

ಆಲೂಗಡ್ಡೆಯನ್ನು ಜಿಬ್ಬರೆಲಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದರೆ ಅದು ಬೇಗ ಮೊಳೆಯುತ್ತದೆ. ಬಿತ್ತನೆಗೆ ಆತುರವಿದ್ದಾಗ ಆಲೂಗಡ್ಡೆಯ ನಿದ್ದೆ ಕೆಡಿಸಲು ಈ ಉಪಾಯವನ್ನು ಬಳಸುವುದುಂಟು. ಹೆಗ್ಗೆಣಸನ್ನು ಅದೇ ನೀರಿನಲ್ಲಿ ಅದ್ದಿದರೆ ಆಗುವುದು ತದ್ವಿರುದ್ಧ. ಏಳಬೇಕಾಗಿದ್ದ ಗೆಡ್ಡೆ ಇನ್ನೂ ಕೆಲವು ವಾರ ಮಲಗಿಯೇ ಇರುತ್ತದೆ. ಸಸ್ಯಶಾಸ್ತ್ರದ ಪಾಠದಲ್ಲಿ ಒಂದು ವಿಚಿತ್ರವೆಂದು ಓದಿ ಮರೆಯಬಹುದಾದ ಈ ಸಂಗತಿಯ ಬೆನ್ನಿಗೆ ಪಶ್ಚಿಮ ಆಫ್ರಿಕದ ಕೋಟ್ಯಂತರ ಜನರ ಊಟದ ಪ್ರಶ್ನೆ ಇದೆ ಎಂಬುದೇ ಇಲ್ಲಿ ಅದನ್ನು ಎತ್ತಿಕೊಳ್ಳಲು ಕಾರಣ. ಮುಂದೆ ಹೋಗುವ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಯಾಮ್ ಎನ್ನುವ ಮಾತು ಹಲವು ಗೆಡ್ಡೆಗಳಿಗೆ ಅಂಟಿಕೊಂಡಿದೆ. ನಾವು ಬೇಯಿಸಿ ತಿನ್ನುವ ಸಿಹಿಗೆಣಸು ಬೇರೆಯೇ ಕುಲದ್ದು, ಸುವರ್ಣಗೆಡ್ಡೆ ಕೆಸುವಿನ ಬಳಗದ್ದು. ಇಲ್ಲಿ ಹೇಳುತ್ತಿರುವುದು ಡಯಾಸ್ಕೋರಿಯ ಎಂಬ ಬಳ್ಳಿಗಳ ಕುಲದ ಗೆಡ್ಡೆಯ ಮಾತು. ಅದರ ಒಂದು ಜಾತಿ ನಮ್ಮಲ್ಲಿ ಹೆಗ್ಗೆಣಸು, ತೂಣಗೆಣಸು. ಜೋಯಿಡಾದ ಕುಣಬಿ ಜನರ ಬಾಯಲ್ಲಿ ಅದು ಕೋನ. ಕೊಡಗಿನಲ್ಲಿ ಪುತ್ತರಿ ಹಬ್ಬದ ದಿನ ಬೇಯುವ ನೇರಳೆ ಬಣ್ಣದ ಪುತ್ತರಿ ಗೆಣಸೂ ಅದೇ. ಇನ್ನು ಮುಂದೆ ಇಡೀ ಕುಲಕ್ಕೆ ಹೆಗ್ಗೆಣಸು ಎಂದೇ ಕರೆಯುತ್ತೇನೆ.

ನಮ್ಮಲ್ಲಿ ಹಬ್ಬದ ತಿನಿಸಾಗಿರುವುದು ಅಲ್ಲಿ ದಿನದ ಅನ್ನ. ಜಗತ್ತು ಬೆಳೆಯುವ ಹೆಗ್ಗೆಣಸಿನಲ್ಲಿ ಶೇ. 90ಕ್ಕೂ ಹೆಚ್ಚು ಬರುವುದು ಪಶ್ಚಿಮ ಆಫ್ರಿಕದಿಂದ. ಜಗತ್ತಿನ ಬೆಳೆಯ ಸುಮಾರು ಮೂರನೇ ಎರಡು ಭಾಗ ನೈಜೀರಿಯ ಒಂದರದ್ದೇ. ಬೇಯಿಸಿದ ಗೆಣಸನ್ನು ಒರಳಿನಲ್ಲಿ ಕುಟ್ಟಿ ಮುದ್ದೆ ಮಾಡಿ ಸಾರಿನೊಂದಿಗೆ ನುಂಗುವ ಆ ಊಟವನ್ನು ನಮ್ಮ ರಾಗಿ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಗ್ಬೋ ಜನರಿಗೆ ಹೊಸ ಗೆಣಸು ತಿನ್ನುವ ದಿನ ವರ್ಷದ ದೊಡ್ಡ ಹಬ್ಬ. ಆಗಸ್ಟಿನ ಸುಮಾರಿಗೆ ಬರುವ ಆ ಹಬ್ಬಕ್ಕೆ ಮುಂಚೆ ಹೊಸ ಬೆಳೆಯನ್ನು ಬಾಯಿಗಿಡುವಂತಿಲ್ಲ. ಬೆಳೆಯ ಬಹುಪಾಲು ಕೀಳುವುದು ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆಗ ಗೆಣಸಿನ ರಾಶಿ, ಬೆಲೆ ನೆಲಕ್ಕೆ. ಫೆಬ್ರವರಿ ಮಾರ್ಚ್ ಬರುವ ಹೊತ್ತಿಗೆ ಚಪ್ಪರದಲ್ಲಿಟ್ಟ ಗೆಡ್ಡೆ ಮೊಳೆಯತೊಡಗುತ್ತದೆ. ಮೇ, ಜೂನ್, ಜುಲೈಗೆ ಹಳೆಯದು ಸುಕ್ಕಿ ಹೋಗಿರುತ್ತದೆ, ಹೊಸದು ಇನ್ನೂ ಮಣ್ಣಿನಲ್ಲಿರುತ್ತದೆ. ಆ ತಿಂಗಳುಗಳನ್ನು ಅಲ್ಲಿ ಹಸಿವಿನ ಕಾಲವೆಂದೇ ಕರೆಯುತ್ತಾರೆ. ಹಾಗಾಗಿ ಈ ಬೆಳೆಯ ಕೊರತೆ ವರ್ಷವಿಡೀ ಇರುವ ಕೊರತೆಯಲ್ಲ. ಒಟ್ಟು ಬೆಳೆ ಸಾಕಷ್ಟಿದ್ದರೂ ಬೆಳೆ ವರ್ಷದ ಕೊನೆಯ ಎಂಟು ಹತ್ತು ವಾರಕ್ಕೆ ಅದು ಕೈಗೆಟುಕುವುದಿಲ್ಲ. ನನ್ನ ವಾದ ನಿಂತಿರುವುದು ಈ ಎಂಟು ಹತ್ತು ವಾರಗಳ ಮೇಲೆ.

ಆ ಗೆಡ್ಡೆಗೆ ಚಪ್ಪರದಲ್ಲಿ ಏನಾಗುತ್ತದೆ ಎಂದು ನೋಡಬೇಕು. ಪಶ್ಚಿಮ ಆಫ್ರಿಕದ ಗೆಣಸಿನ ಚಪ್ಪರ ನೋಡಲು ಚೆಂದದ ರಚನೆ. ಚಿಗುರುವ ಗೂಟಗಳನ್ನೇ ನೆಟ್ಟು, ಅವುಗಳ ಎಲೆಯ ನೆರಳಿನಲ್ಲಿ ಒಂದೊಂದೇ ಗೆಡ್ಡೆಯನ್ನು ಹಗ್ಗದಿಂದ ಬಿಗಿದು ನಿಲ್ಲಿಸಿದ ಕೋಲುಗಳಿಗೆ ಸಾಲಾಗಿ ಕಟ್ಟುತ್ತಾರೆ. ಗಾಳಿ ಸುಳಿದಾಡುತ್ತದೆ, ಕೊಳೆತದ್ದು ಕಣ್ಣಿಗೆ ಬೀಳುತ್ತದೆ, ಮೊಳೆತದ್ದನ್ನು ಕೈಯಲ್ಲಿ ಮುರಿಯಬಹುದು. ಮೊದಲ ಮೂರು ತಿಂಗಳು ಗೆಡ್ಡೆ ಮಲಗಿರುವಾಗ ಕಳೆದುಹೋಗುವ ತೂಕ ಶೇ. 10ರ ಆಸುಪಾಸು. ಆರು ತಿಂಗಳು ದಾಟಿದರೆ ನಷ್ಟ ಶೇ. 30ರಿಂದ 60ರವರೆಗೆ ಏರುತ್ತದೆ ಎಂಬುದು ಈ ಬೆಳೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಅಂದಾಜು. ಮೊದಲರ್ಧಕ್ಕೂ ಕೊನೆಯರ್ಧಕ್ಕೂ ಇಷ್ಟು ಅಂತರವೇಕೆ? ಮಲಗಿದ ಗೆಡ್ಡೆ ಮೆಲ್ಲಗೆ ಉಸಿರಾಡುತ್ತದೆ. ಎದ್ದ ಗೆಡ್ಡೆ ತನ್ನ ಹಿಟ್ಟನ್ನು ಸಕ್ಕರೆಯಾಗಿ ಕರಗಿಸಿ ಮೊಳಕೆಗೆ ಉಣಿಸತೊಡಗುತ್ತದೆ. ಉಸಿರಾಟ ಜೋರಾಗುತ್ತದೆ, ನೀರು ಆರುತ್ತದೆ, ಮೊಳಕೆ ಮುರಿದ ಜಾಗ ಹಸಿ ಗಾಯವಾಗಿ ಬೂಷ್ಟಿಗೆ ಬಾಗಿಲು ತೆರೆಯುತ್ತದೆ. ಉಳಿದ ಗೆಡ್ಡೆ ಬೆಂದರೂ ಮೊದಲಿನ ಹಾಗೆ ಮುದ್ದೆ ಕಟ್ಟುವುದಿಲ್ಲ. ನಿದ್ದೆ ಮುಗಿಯುವ ಕ್ಷಣವೇ ನಷ್ಟದ ಗೆರೆ ಮೇಲಕ್ಕೆ ತಿರುಗುವ ಕ್ಷಣ.

ಆ ನಿದ್ದೆಯ ಉದ್ದ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಆಫ್ರಿಕದ ಬಿಳಿ ಗೆಣಸಿಗೆ ಕಿತ್ತ ಮೇಲೆ 12ರಿಂದ 14 ವಾರ, ನಮ್ಮ ಹೆಗ್ಗೆಣಸಿಗೆ 14ರಿಂದ 16 ವಾರ, ಹಳದಿ ಗೆಣಸಿಗೆ ಬರೀ 4ರಿಂದ 8 ವಾರ. ಗಮನಿಸಬೇಕಾದ ಮಾತೆಂದರೆ ಈ ನಿದ್ದೆ ಹೊರಗಿನ ಹವೆಯನ್ನು ಹೆಚ್ಚಾಗಿ ಕೇಳುವುದಿಲ್ಲ. ಈಗಷ್ಟೇ ಕಿತ್ತ ಗೆಡ್ಡೆಯನ್ನು ಹಸಿ ಮಣ್ಣಿನಲ್ಲಿಟ್ಟು ನೀರೆರೆದರೂ ಅದು ಮೊಳೆಯದು. ಅವಧಿ ಮುಗಿದ ಮೇಲೆ ಒಣ ನೆರಳಿನಲ್ಲಿ ತೂಗಿದರೂ ಮೊಳೆಯದೆ ಬಿಡದು. ಬೇಸಿಗೆಯನ್ನು ನೆಲದಡಿಯಲ್ಲಿ ಕಳೆದು ಮಳೆಯ ಹೊತ್ತಿಗೆ ಏಳುವ ಬಳ್ಳಿಗೆ ಹುಟ್ಟಿನಿಂದ ಬಂದ ಗಡಿಯಾರ ಅದು. ಗಡಿಯಾರ ಗೆಡ್ಡೆಯ ಒಳಗಿದೆ ಎಂದ ಮೇಲೆ ಹೊರಗಿನಿಂದ ಮಾಡುವ ಉಪಾಯಗಳು ಸೋಲುವುದು ಸಹಜ.

ಸೋತ ಉಪಾಯಗಳ ಪಟ್ಟಿ ಉದ್ದವೇ ಇದೆ. ಆಲೂಗಡ್ಡೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಇಡುವ ಹಾಗೆ ಇದನ್ನು ಇಡಲಾಗದು. ಬಿಸಿಲ ನಾಡಿನ ಈ ಗೆಡ್ಡೆಗೆ ಸುಮಾರು 12 ಡಿಗ್ರಿಗಿಂತ ಕೆಳಗಿನ ಚಳಿ ತಾಗಿದರೆ ಒಳಗೆ ಕಂದಾಗಿ, ಹೊರಗೆ ತಂದೊಡನೆ ಕೊಳೆಯುತ್ತದೆ. 15-16 ಡಿಗ್ರಿಯಲ್ಲಿ ಚೆನ್ನಾಗಿಯೇ ಇರುತ್ತದೆ ನಿಜ, ಆದರೆ ಕರೆಂಟು ನಂಬುವಂತಿಲ್ಲದ ಹಳ್ಳಿಯಲ್ಲಿ ಆ ತಂಪನ್ನು ಆರು ತಿಂಗಳು ಕಾಯುವವರು ಯಾರು? ಆಲೂಗಡ್ಡೆಯ ಮೊಳಕೆ ತಡೆಯುವ ಕ್ಲೋರ್‌ಪ್ರೊಫಾಮ್ ಪುಡಿ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಲೂಗಡ್ಡೆಯ ಕಣ್ಣು ಸಿಪ್ಪೆಯ ಮೇಲೇ ಇರುತ್ತದೆ, ಹೆಗ್ಗೆಣಸಿನ ಮೊಳಕೆ ಸಿಪ್ಪೆಯ ಅಡಿಯಲ್ಲಿ ಹುಟ್ಟುತ್ತದೆ, ಮೇಲೆ ಸವರಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಆ ರಾಸಾಯನಿಕಕ್ಕೆ ಯುರೋಪಿನ ಒಕ್ಕೂಟ 2019ರಲ್ಲಿ ಪರವಾನಗಿ ಮುಂದುವರಿಸಲು ಒಪ್ಪಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಗಾಮಾ ಕಿರಣ ಹಾಯಿಸಿದರೆ ಮೊಳಕೆ ಶಾಶ್ವತವಾಗಿ ನಿಲ್ಲುತ್ತದೆ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿಗೆಂದೇ ಅಂಥ ಕೇಂದ್ರ ಕಟ್ಟಿದ ಹಾಗೆ ಅಲ್ಲೂ ಕಟ್ಟಬಹುದು. ಆದರೆ ನೂರು ಹಳ್ಳಿಗಳಲ್ಲಿ ಚದುರಿದ, ಒಂದೊಂದೂ ಕೆಲವು ಕಿಲೋ ತೂಗುವ, ಪೆಟ್ಟು ಬಿದ್ದರೆ ಕೊಳೆಯುವ ಗೆಡ್ಡೆಗಳನ್ನು ಅಲ್ಲಿಗೆ ಸಾಗಿಸುವುದರಲ್ಲೇ ಲಾಭ ಕರಗುತ್ತದೆ. ಕೊನೆಗೆ ಉಳಿಯುವುದು ಕೈಯಲ್ಲಿ ಮೊಳಕೆ ಮುರಿಯುವ ಕೆಲಸ. ಎರಡು ಮೂರು ವಾರಕ್ಕೊಮ್ಮೆ ಸಾವಿರಾರು ಗೆಡ್ಡೆಗಳನ್ನು ತಡವಿ ನೋಡಬೇಕು. ಉಪಯೋಗವಿದೆ, ಆದರೆ ಮುರಿದಷ್ಟೂ ಮತ್ತೆ ಬರುತ್ತದೆ.

ಇಲ್ಲಿಗೆ ಜಿಬ್ಬರೆಲಿನ್ನಿನ, ಅಂದರೆ ಮೊದಲಿಗೆ ಹೇಳಿದ ಆ ಆಮ್ಲದ ಬಳಗದ, ಕಥೆ ಬಂದು ಸೇರುತ್ತದೆ. ಆ ಕಥೆ ಶುರುವಾದದ್ದು ಭತ್ತದ ಗದ್ದೆಯಲ್ಲಿ. ಜಪಾನಿನ ರೈತರು ಒಂದು ರೋಗಕ್ಕೆ ಬಕಾನೆ, ಅಂದರೆ ಪೆದ್ದು ಸಸಿ, ಎಂದು ಹೆಸರಿಟ್ಟಿದ್ದರು. ರೋಗ ತಗಲಿದ ಸಸಿ ಉಳಿದವನ್ನು ಮೀರಿ ಸಪೂರವಾಗಿ ಎತ್ತರಕ್ಕೆ ಬೆಳೆದು, ತೆನೆ ಕಟ್ಟದೆ ಬಿದ್ದುಹೋಗುತ್ತಿತ್ತು. ಹೀಗೆ ಬೆಳೆಸುವುದು ಒಂದು ಶಿಲೀಂಧ್ರ ಸ್ರವಿಸುವ ವಸ್ತು ಎಂದು 1926ರಲ್ಲಿ ಕುರೊಸಾವ ಎಂಬ ವಿಜ್ಞಾನಿ ತೋರಿಸಿದ. 1935ರಲ್ಲಿ ಯಾಬುತ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟ. ಆಮೇಲೆ ತಿಳಿದದ್ದು, ಶಿಲೀಂಧ್ರದಲ್ಲಷ್ಟೇ ಅಲ್ಲ, ಹಸಿರು ಗಿಡಗಳೆಲ್ಲ ತಮ್ಮ ಬೆಳವಣಿಗೆಗೆ ಇದೇ ಬಳಗದ ಹಾರ್ಮೋನುಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂದು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸ ಹೆಸರಲ್ಲ. ಬೀಜವಿಲ್ಲದ ದ್ರಾಕ್ಷಿಯ ಕಾಳು ಉದ್ದವಾಗಲೆಂದು ಅವರು ಗೊಂಚಲು ಅದ್ದುವ ‘ಜಿಎ’ ಇದೇ. ಎಲ್ಲ ಕಡೆ ಎಬ್ಬಿಸುವ, ಬೆಳೆಸುವ ವಸ್ತು ಎಂದು ಹೆಸರಾದ ಈ ಹಾರ್ಮೋನು ಹೆಗ್ಗೆಣಸಿನ ಬಳ್ಳಿಯಲ್ಲಿ ಜೋತುಬೀಳುವ ಪುಟ್ಟ ಗಾಳಿಗೆಡ್ಡೆಗಳನ್ನು ಮಲಗಿಸುತ್ತದೆ ಎಂದು 1971ರಲ್ಲಿ ಜಪಾನಿನ ಒಕಗಾಮಿ ಮತ್ತು ನಗಾವೊ ಪ್ರಕಟಿಸಿದರು. ಇದು ಆಕಸ್ಮಿಕವಲ್ಲ ಎನ್ನುವುದಕ್ಕೆ ಮುಂದೆ ಎರಡು ಕಡೆಯಿಂದ ಸಾಕ್ಷ್ಯ ಬಂತು. ಮೊಳಕೆಯನ್ನು ತಡೆಯುವ ಬಟಾಟಸಿನ್ ಎಂಬ ವಸ್ತುಗಳು ಈ ಗೆಡ್ಡೆಗಳಲ್ಲಿ ಸಿಕ್ಕವು, ಜಿಬ್ಬರೆಲಿನ್ ಕೊಟ್ಟಾಗ ಅವುಗಳ ಪ್ರಮಾಣ ಏರುವುದು ಕಂಡಿತು. ಗಿಡ ತಾನೇ ಜಿಬ್ಬರೆಲಿನ್ ತಯಾರಿಸದ ಹಾಗೆ ಅಡ್ಡಗಟ್ಟುವ ಯೂನಿಕೊನಜೋಲ್ ಎಂಬ ರಾಸಾಯನಿಕ ಕೊಟ್ಟರೆ ಗೆಡ್ಡೆ ಬೇಗ ಎದ್ದಿತು. ಕೊಟ್ಟರೆ ನಿದ್ದೆ, ತಡೆದರೆ ಎಚ್ಚರ: ಎರಡೂ ದಿಕ್ಕಿನಿಂದ ಒಂದೇ ಉತ್ತರ ಬಂದಾಗ ಆ ಗಡಿಯಾರದ ಮುಳ್ಳು ಇದೇ ಎಂದು ನಂಬಲು ಆಧಾರ ಸಿಗುತ್ತದೆ.

ಆ ಬಳಿಕ ಟ್ರಿನಿಡಾಡಿನಲ್ಲಿ, ನೈಜೀರಿಯದಲ್ಲಿ, ಐವರಿ ಕೋಸ್ಟಿನಲ್ಲಿ ತಿನ್ನುವ ಗೆಡ್ಡೆಗಳ ಮೇಲೆ ಪ್ರಯೋಗಗಳು ನಡೆದವು. ಲೀಟರಿಗೆ 150 ಮಿಲಿಗ್ರಾಂ ಆಸುಪಾಸಿನ ತೆಳು ದ್ರಾವಣದಲ್ಲೂ, ಅದಕ್ಕಿಂತ ಗಟ್ಟಿಯದರಲ್ಲೂ ಅದ್ದಿ ನೋಡಿದರು. ಜಾತಿ, ಪ್ರಮಾಣ, ಅದ್ದಿದ ಹೊತ್ತು ನೋಡಿಕೊಂಡು ಮೊಳಕೆ ಕೆಲವು ವಾರಗಳಿಂದ ಎರಡು ತಿಂಗಳ ಸುಮಾರಿನವರೆಗೂ ಮುಂದೆ ಹೋಯಿತು. ಇಲ್ಲಿ ಹೊತ್ತಿನ ಮಾತೇ ಮುಖ್ಯ. ಇಬಾದಾನಿನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಮತ್ತು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಬಿಳಿ ಗೆಣಸಿನ ನಿದ್ದೆಯನ್ನು ಸೂಕ್ಷ್ಮದರ್ಶಕದಡಿ ಮೂರು ಹಂತವಾಗಿ ಬಿಡಿಸಿದರು. ನಿದ್ದೆ ಶುರುವಾಗುವುದು ಬಳ್ಳಿ ಒಣಗಿದಾಗ ಎಂದು ಎಣಿಸಿದ್ದೆವು. ಗೆಡ್ಡೆ ಕಟ್ಟಲು ತೊಡಗಿದಾಗಲೇ ಅದು ಶುರುವಾಗಿರುತ್ತದೆ. ಅಲ್ಲಿಂದ ಸುಮಾರು 220 ದಿನ ಒಳಗೆ ಮೊಳಕೆಯ ಮೂಲಕೋಶಗಳ ಗುಂಪೇ ಇರುವುದಿಲ್ಲ. ಅದು ಮೂಡಿದ ಮೇಲೆ ಸುಮಾರು 40 ದಿನಕ್ಕೆ ಎಲೆಯ ಮೊದಲ ರೂಪ, ಮತ್ತೆ ಸುಮಾರು 10 ದಿನಕ್ಕೆ ಸಿಪ್ಪೆ ಸೀಳಿದ ಮೊಗ್ಗು. ಜಿಬ್ಬರೆಲಿನ್ ಹಿಗ್ಗಿಸುವುದು ಮೊದಲ ಉದ್ದನೆಯ ಹಂತವನ್ನು. ಆದ್ದರಿಂದ ಕಿತ್ತ ಕೂಡಲೇ, ಗಾಯ ಮಾಗಿದ ಬೆನ್ನಿಗೇ ಅದ್ದಬೇಕು. ಫೆಬ್ರವರಿಯಲ್ಲಿ ಮೊಳಕೆ ಕಂಡ ಮೇಲೆ ಅದ್ದಲು ಹೊರಟರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹೊರಗಿನಿಂದ ಏನೂ ಕಾಣದ ಗೆಡ್ಡೆಗೆ ಈಗಲೇ ಔಷಧಿ ಹಾಕು ಎಂದು ರೈತನನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದನ್ನೂ ಇದು ಹೇಳುತ್ತದೆ.

ಈಗ ಆಕ್ಷೇಪಣೆಗಳು. ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ: ಚಪ್ಪರದಲ್ಲಿ ಗೆಣಸು ಹಾಳಾಗುವುದು ಮೊಳಕೆಯಿಂದ ಮಾತ್ರವೇ? ಖಂಡಿತ ಅಲ್ಲ. ಕೀಳುವಾಗ ಗುದ್ದಲಿಯ ಪೆಟ್ಟು, ಸಿಪ್ಪೆಯಡಿಯಲ್ಲಿ ಒಣಕೊಳೆ ತರುವ ಜಂತುಹುಳು, ಹಿಟ್ಟು ತಿಗಣೆ, ಬೂಷ್ಟು, ಇಲಿ ಎಲ್ಲವೂ ಇವೆ. ಇವಾವುದನ್ನೂ ಜಿಬ್ಬರೆಲಿನ್ ತಡೆಯುವುದಿಲ್ಲ. ಅಷ್ಟೇ ಅಲ್ಲ, ಒಂದೇ ತೊಟ್ಟಿಯ ನೀರಿನಲ್ಲಿ ನೂರು ಗೆಡ್ಡೆ ಅದ್ದಿದರೆ ಒಂದರ ಕೊಳೆ ತೊಂಬತ್ತೊಂಬತ್ತಕ್ಕೆ ಹರಡುವ ಅಪಾಯ ನಿಜವಾದದ್ದು. ಹಾರ್ಮೋನನ್ನು ಒಂಟಿಯಾಗಿ ಮಾರುವವರನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ. ಮೊದಲು ಪೆಟ್ಟಾಗದಂತೆ ಕೀಳಬೇಕು, ಪೆಟ್ಟಾದದ್ದನ್ನು ಬೇರ್ಪಡಿಸಿ ಮೊದಲು ತಿಂದೋ ಮಾರಿಯೋ ಮುಗಿಸಬೇಕು. ಉಳಿದದ್ದನ್ನು 30 ಡಿಗ್ರಿಯ ಆಸುಪಾಸಿನ ಬೆಚ್ಚಗೆ, ಶೇ. 90ರಷ್ಟು ತೇವದಲ್ಲಿ ಕೆಲವು ದಿನ ಮುಚ್ಚಿಟ್ಟರೆ ಗಾಯದ ಮೇಲೆ ಹೊಸ ಸಿಪ್ಪೆ ಕಟ್ಟುತ್ತದೆ. ಇದಕ್ಕೆ ಒಣಹುಲ್ಲು ಮತ್ತು ತಾಡಪಾಲು ಸಾಕು, ದುಡ್ಡು ಬೇಕಿಲ್ಲ. ಅದ್ದುವುದು ಅದಾದ ಮೇಲೆ, ಅದೂ ನೀರನ್ನು ಆಗಾಗ ಬದಲಿಸುತ್ತ. ಆದರೆ ಈ ಆಕ್ಷೇಪಣೆ ಹಾರ್ಮೋನನ್ನು ತನ್ನ ಸ್ಥಾನದಲ್ಲಿ ಕೂರಿಸುತ್ತದೆಯೇ ಹೊರತು ತಳ್ಳಿಹಾಕುವುದಿಲ್ಲ. ಎಷ್ಟು ಜತನವಾಗಿ ಕಿತ್ತು ಮಾಗಿಸಿದ ಗೆಡ್ಡೆಯೂ ಮಾರ್ಚಿನಲ್ಲಿ ಮೊಳೆಯುತ್ತದೆ. ಕೊಳೆ ತಪ್ಪಿಸಿಕೊಂಡವನೂ ಗಡಿಯಾರದಿಂದ ತಪ್ಪಿಸಿಕೊಳ್ಳಲಾರ.

ಎರಡನೆಯದು ಹಾರ್ಮೋನು ಎಂಬ ಪದಕ್ಕೇ ಇರುವ ಭಯ. ಅದನ್ನು ಹಗುರವಾಗಿ ನೋಡುವವರ ಪೈಕಿ ನಾನಲ್ಲ. ಕಾರ್ಬೈಡ್ ಹಾಕಿದ ಮಾವು ತಿಂದ ದೇಶದವರಿಗೆ ಈ ಅನುಮಾನ ಬರುವುದೇ ಸರಿ. ಆದರೆ ನಮ್ಮದೇ ಅನುಭವ ಇಲ್ಲಿ ಒಂದು ವಿವೇಕವನ್ನೂ ಕಲಿಸಿದೆ. ಕಾರ್ಬೈಡನ್ನು ನಿಷೇಧಿಸಿದ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಹಣ್ಣು ಮಾಗಿಸಲು 100 ಪಿಪಿಎಂವರೆಗಿನ ಎಥಿಲೀನ್ ಅನಿಲಕ್ಕೆ ಒಪ್ಪಿಗೆ ಕೊಟ್ಟಿತು. ಎಥಿಲೀನ್ ಕೂಡ ಸಸ್ಯದ ಹಾರ್ಮೋನೇ, ಹಣ್ಣು ತಾನೇ ತಯಾರಿಸುವಂಥದ್ದು. ಮಾಗಿಸುವುದೇ ತಪ್ಪು ಎನ್ನದೆ ಯಾವುದರಿಂದ, ಎಷ್ಟರಿಂದ ಎಂದು ಕೇಳಿದ್ದರಿಂದ ಆ ನಿಯಮ ಬಂತು. ಜಿಬ್ಬರೆಲಿಕ್ ಆಮ್ಲದ ವಿಷಯದಲ್ಲೂ ಕೇಳಬೇಕಾದ್ದು ಅದನ್ನೇ. ಮನುಷ್ಯನ ಹಾರ್ಮೋನುಗಳಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಬೆಳೆಯ ಮೇಲೆ ಚೋದಕವಾಗಿ ಬಳಸುವ ಜಿಬ್ಬರೆಲಿನ್ನಿಗೆ ಅಮೆರಿಕ ಆಹಾರದಲ್ಲಿ ಉಳಿಕೆಯ ಮಿತಿಯನ್ನೇ ವಿಧಿಸಿಲ್ಲ. ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹಸಿಯಾಗಿ ತಿನ್ನುತ್ತೇವೆ, ಹೆಗ್ಗೆಣಸನ್ನು ದಪ್ಪಗೆ ಹೆರೆದು ಬೇಯಿಸುತ್ತೇವೆ. ನನಗಿರುವ ಆತಂಕ ಆ ಆಮ್ಲದ್ದಲ್ಲ, ಅದರ ಹೆಸರಿನಲ್ಲಿ ಪೊಟ್ಟಣದೊಳಗೆ ಬೇರೆ ಏನಾದರೂ ಮಾರಾಟವಾಗುವುದರದ್ದು. ಅದನ್ನು ತಡೆಯಲು ಪರೀಕ್ಷೆ ಬೇಕು, ಪರವಾನಗಿ ಬೇಕು, ಅಳೆದು ಕಟ್ಟಿದ ಸಣ್ಣ ಪೊಟ್ಟಣ ಬೇಕು.

ದೀರ್ಘ ನಿದ್ದೆಯ ತಳಿಯನ್ನೇ ಬೆಳೆಸಬಾರದೇಕೆ, ಇಲ್ಲವೇ ಗೆಣಸನ್ನು ಒಣಗಿಸಿ ಹಿಟ್ಟು ಮಾಡಿಡಬಾರದೇಕೆ ಎಂದು ಕೇಳುವವರಿದ್ದಾರೆ. ಎರಡೂ ಒಳ್ಳೆಯ ಕೆಲಸಗಳೇ. ನೈಜೀರಿಯದ ನೈಋತ್ಯ ಭಾಗದಲ್ಲಿ ಒಣಗಿಸಿದ ಗೆಣಸಿನ ಎಲುಬೊ ಹಿಟ್ಟೂ ಅದರ ಅಮಲಾ ಮುದ್ದೆಯೂ ಹಳೆಯ ರೂಢಿ. ಆದರೆ ಒಣ ತುಂಡಿಗೆ ಕೊರೆಯುವ ಹುಳದ ಕಾಟ ಬೇರೆ, ಹಸಿ ಗೆಣಸು ಕುಟ್ಟಿ ಉಣ್ಣುವವನಿಗೆ ಹಿಟ್ಟು ಬದಲಿಯಾಗದು. ತಳಿಯ ಮಾತಿಗೆ ಬಂದರೆ, ಹೆಚ್ಚು ಕಾಲ ಮಲಗುವ ನಮ್ಮ ಹೆಗ್ಗೆಣಸನ್ನು ಕುಟ್ಟಿದರೆ ಅದು ಬಿಳಿ ಗೆಣಸಿನ ಹಾಗೆ ಮುದ್ದೆ ಕಟ್ಟುವುದಿಲ್ಲ. ಹೂ ಬಿಡಲು ಹಿಂಜರಿಯುವ, ವರ್ಷಕ್ಕೆ ಒಂದೇ ಬೆಳೆ ಕೊಡುವ ಬಳ್ಳಿಯಲ್ಲಿ ಹೊಸ ತಳಿ ತರಲು ವರ್ಷಗಳೇ ಹಿಡಿಯುತ್ತವೆ. ವಿಚಿತ್ರವೆಂದರೆ ತಳಿವಿಜ್ಞಾನಿಯ ಕೆಲಸವನ್ನು ನಿಧಾನಿಸುತ್ತಿರುವುದೂ ಇದೇ ನಿದ್ದೆ. ಅವನಿಗೆ ಗೆಡ್ಡೆ ಬೇಗ ಏಳಬೇಕು, ಉಣ್ಣುವವನಿಗೆ ತಡವಾಗಿ ಏಳಬೇಕು. ಗಡಿಯಾರದ ಕೀಲಿ ತಿಳಿದರೆ ಇಬ್ಬರಿಗೂ ಉಪಕಾರ.

ಲಾಭ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ದಾಸ್ತಾನು ಮಾಡುವ ಶಕ್ತಿ ವ್ಯಾಪಾರಿಗೆ ಸಿಕ್ಕರೆ ಅವನು ಡಿಸೆಂಬರಿನಲ್ಲಿ ಕೊಂಡು ಜೂನಿನಲ್ಲಿ ಮಾರುತ್ತಾನೆ, ರೈತ ಮೊದಲಿನಂತೆಯೇ ಉಳಿಯುತ್ತಾನೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಈರುಳ್ಳಿ ಬೆಳೆಗಾರರಿಗೆ ಈ ಲೆಕ್ಕ ಬಾಯಿಪಾಠ. ಆದರೆ ಈ ತಂತ್ರಕ್ಕೆ ಒಂದು ಗುಣವಿದೆ. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ, ಗ್ರಾಂ ಲೆಕ್ಕದ ಪುಡಿ, ಒಂದು ಡ್ರಮ್ಮು ನೀರು, ಅಳತೆ ತಿಳಿದ ಒಬ್ಬರು ಸಾಕು. ದೊಡ್ಡ ಬಂಡವಾಳದವನಿಗಷ್ಟೇ ಎಟುಕುವ ಕೋಲ್ಡ್ ಸ್ಟೋರೇಜಿಗಿಂತ ಇದು ಸಣ್ಣ ರೈತನ ಚಪ್ಪರಕ್ಕೆ ಹತ್ತಿರ. ಹಾಗಿದ್ದೂ 1971ರ ಸಂಶೋಧನೆ ಅರ್ಧ ಶತಮಾನ ಕಳೆದರೂ ಚಪ್ಪರಗಳಲ್ಲಿ ರೂಢಿಯಾಗಲಿಲ್ಲ. ನನಗೆ ತೋರುವ ಕಾರಣ ಇಷ್ಟು: ಶ್ರೀಮಂತ ದೇಶಗಳು ಬೆಳೆಯದ ಬೆಳೆಗೆ ಔಷಧಿಯ ಪರವಾನಗಿ ಪಡೆಯಲು ದುಡ್ಡು ಸುರಿಯುವವರಿಲ್ಲ, ಒಂದೊಂದು ತಳಿಗೂ ಬೇರೆ ಬೇರೆ ಅಳತೆ ಹುಡುಕುವ ಬೇಸರದ ಕೆಲಸಕ್ಕೆ ಕೀರ್ತಿಯೂ ಇಲ್ಲ. ಅದನ್ನು ಅಲ್ಲಿನ ಸರ್ಕಾರಿ ಸಂಶೋಧನಾ ಕೇಂದ್ರಗಳೇ ಮಾಡಬೇಕು, ಹಳ್ಳಿಗೆ ಹೋಗಿ ತೋರಿಸುವ ಕೃಷಿ ಸಿಬ್ಬಂದಿಯೂ ಬೇಕು. ನಮ್ಮ ಜೋಯಿಡಾದ ಕೋನ ಬೆಳೆಯುವವರಿಗೆ ಈಗಲೇ ಇದರ ಅಗತ್ಯವಿದೆ ಎಂದು ನಾನು ಹೇಳಲಾರೆ. ಕೋನದ ನಿದ್ದೆ ಹೇಗೂ ಉದ್ದ, ಅಲ್ಲಿನ ಗೆಡ್ಡೆಯ ಮೇಳದಾಚೆಗೆ ಅದಕ್ಕೆ ದೊಡ್ಡ ಮಾರುಕಟ್ಟೆಯೂ ಇಲ್ಲ. ಗಾಯ ಮಾಗಿಸುವ ಪಾಠ ಮಾತ್ರ ಅವರಿಗೂ ಇಂದೇ ಸಲ್ಲುತ್ತದೆ.

ಕೊನೆಗೆ ಬಿತ್ತನೆಯ ಪ್ರಶ್ನೆ. ಪಶ್ಚಿಮ ಆಫ್ರಿಕದ ರೈತ ಕಿತ್ತ ಬೆಳೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗವನ್ನು ಮುಂದಿನ ಬಿತ್ತನೆಗೆ ಎತ್ತಿಡುತ್ತಾನೆ, ಗೆಡ್ಡೆಯೇ ಬೀಜ. ಹಾರ್ಮೋನಿನಲ್ಲಿ ಅದ್ದಿದ ಗೆಡ್ಡೆ ತಪ್ಪಿ ಹೊಲಕ್ಕೆ ಹೋದರೆ ಅಕ್ಕಪಕ್ಕದ ಬಳ್ಳಿಗಳು ಕೋಲು ಹತ್ತಿದಾಗಲೂ ಅದು ಮಣ್ಣಿನಡಿ ಮಲಗಿರುತ್ತದೆ, ಮಳೆಗಾಲದ ಮೊದಲ ವಾರಗಳು ಕೈಬಿಟ್ಟು ಹೋಗುತ್ತವೆ. ಉಣ್ಣುವ ಗೆಡ್ಡೆಯೂ ಬಿತ್ತುವ ಗೆಡ್ಡೆಯೂ ಒಂದೇ ಚಪ್ಪರದಲ್ಲಿ, ನೋಡಲು ಒಂದೇ ಥರ ಇರುವಾಗ ಈ ತಪ್ಪು ಆಗಿಯೇ ಆಗುತ್ತದೆ. ಬೆಲೆ ಏರಿದಾಗ ಬಿತ್ತನೆಗೆ ಇಟ್ಟದ್ದನ್ನು ಮಾರಿ, ಉಳಿದದ್ದನ್ನು ನೆಡುವುದೂ ಉಂಟು. ಕಿರಣ ಹಾಯಿಸಿದ ಗೆಡ್ಡೆ ಎಂದೂ ಏಳುವುದಿಲ್ಲ, ಇದು ತಡವಾಗಿಯಾದರೂ ಏಳುತ್ತದೆ ಎಂಬ ಸಮಾಧಾನವಿದ್ದರೂ, ಒಂದು ವರ್ಷದ ಬೆಳೆಗೆ ಆ ಸಮಾಧಾನ ಸಾಲದು. ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಹೇಗೂ ಒಂದೊಂದು ಗೆಡ್ಡೆಯನ್ನೂ ಹಗ್ಗದಿಂದ ಬಿಗಿದೇ ಚಪ್ಪರಕ್ಕೆ ಏರಿಸುತ್ತಾರೆ. ಪುಡಿಯ ಪೊಟ್ಟಣದ ಜೊತೆಗೆ ಒಂದು ಉಂಡೆ ಕೆಂಪು ಹಗ್ಗವನ್ನೂ ಕೊಡಬೇಕು, ಅದ್ದಿದ ಗೆಡ್ಡೆಗಳಿಗೆ ಅದನ್ನೇ ಕಟ್ಟಲಿ.